ತಲೆ ಮೇಲೆ ಡ್ರೋನ್, ನೆಲದ ಮೇಲೆ ನಾವು

ಮೊದಲ ಸಲ ಆ ಡ್ರೋನ್ ನೋಡಿದ್ದು ನಮ್ಮ ಕಾರ್ಖಾನೆಯ ಶೆಡ್ಡಿನ ಹಿಂದಿನ ಯಾರ್ಡಿನಲ್ಲಿ. ಹೊಸ ಯಂತ್ರದ ಚೌಕಟ್ಟನ್ನು ಕ್ರೇನ್‌ನಿಂದ ಇಳಿಸುತ್ತಿದ್ದರು. ಎಲ್ಲರ ಕಣ್ಣೂ ಕೊಕ್ಕೆಯ ಮೇಲೆ. ಅಷ್ಟರಲ್ಲಿ ಜೇನುಹುಳ ಎದ್ದ ಹಾಗೆ ಗುಂಯ್ ಅನ್ನುವ ಸದ್ದು. ಕ್ರೇನ್ ಆಪರೇಟರ್ ತಲೆ ಎತ್ತಿದ. ಒಂದೇ ಕ್ಷಣ. ಕೆಳಗೆ ಹಗ್ಗ ಹಿಡಿದಿದ್ದ ಹುಡುಗ "ಅಣ್ಣಾ, ಇಲ್ಲಿ ನೋಡು!" ಅಂತ ಕೂಗಿದ. ಭಾರ ಒಂದು ಗೇಣು ವಾಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹುಡುಗನ ಕೈ ನಡುಗುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ನಾನು ಆ ಕಾರ್ಖಾನೆಯ ಆಡಳಿತ ಮತ್ತು ಭದ್ರತೆ ನೋಡಿಕೊಳ್ಳುವವನು. ಕಳ್ಳತನ, ಬೆಂಕಿ, ಗೇಟ್ ಪಾಸು, ಇವೆಲ್ಲ ಗೊತ್ತು. ಮೇಲಿನಿಂದ ಬರುವುದಕ್ಕೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಮೂರು ದಿನ ಬಿಟ್ಟು ಅದು ಮತ್ತೆ ಬಂತು. ಮುಂದಿನ ವಾರ ಎರಡು ಸಲ. ಒಂದು ಸಂಜೆ ಹೆಣ್ಣುಮಕ್ಕಳ ವಿಶ್ರಾಂತಿ ಕೋಣೆಯ ಕಿಟಕಿ ಮಟ್ಟಕ್ಕೆ ಇಳಿದು ನಿಂತಿತ್ತಂತೆ. ಪ್ಯಾಕಿಂಗ್ ವಿಭಾಗದ ಹಿರಿಯಕ್ಕ ಒಬ್ಬರು ಬಂದು ಹೇಳಿದರು. "ಸರ್, ನಾವು ಊಟದ ಹೊತ್ತಲ್ಲಿ ಸ್ವಲ್ಪ ಕಾಲು ಚಾಚಿ ಕೂರೋ ಜಾಗ ಅದೊಂದೇ. ಈಗ ಪರದೆ ಹಾಕಿಕೊಂಡು ಕತ್ತಲಲ್ಲಿ ಕೂರ್ತಾ ಇದೀವಿ." ಯಂತ್ರದ ಗುಟ್ಟು ಹೊರಗೆ ಹೋದೀತು ಅಂತ ಮಾಲೀಕರಿಗೆ ಚಿಂತೆ. ನನಗೆ ಮಾತ್ರ ಆ ಪರದೆಯದೇ ಚಿಂತೆ.

ಸಿಟ್ಟಿನಲ್ಲಿ ಎಲ್ಲರೂ ಒಂದೊಂದು ಉಪಾಯ ಹೇಳಿದರು. ಗೇಟಿನ ಕಾವಲಿನವರು ಕವಣೆ ತಂದಿಟ್ಟುಕೊಂಡರು. ಒಬ್ಬರು ಬಲೆ ಎಸೆಯುವ ಬಂದೂಕಿನ ವಿಡಿಯೊ ತೋರಿಸಿದರು. ಮಾಲೀಕರು ಇಂಟರ್‌ನೆಟ್‌ನಲ್ಲಿ ಜಾಮರ್, ಅಂದರೆ ರೇಡಿಯೊ ಸಂಕೇತ ಕೆಡಿಸುವ ಸಾಧನ, ಹುಡುಕಿಟ್ಟಿದ್ದರು. ಒಂದು ಗುಂಡಿ ಒತ್ತಿದರೆ ಡ್ರೋನ್ ಅಲ್ಲೇ ಬೀಳುತ್ತದೆ ಅಂತ ಜಾಹೀರಾತು. ತರಿಸೋಣವಾ ಅಂತ ಕೇಳಿದರು. ಒಂದು ದಿನ ಟೈಮ್ ಕೊಡಿ ಸರ್ ಅಂದೆ. ನಾನು ಮಾಡಿದ ಒಳ್ಳೆಯ ಕೆಲಸ ಅದು.

ಮರುದಿನ ವಕೀಲರ ಹತ್ತಿರ ಹೋದೆ. ನಡುವಯಸ್ಸಿನ ಹೆಣ್ಣುಮಗಳು. ಕೇಳಿಸಿಕೊಂಡು ಮೊದಲು ಹೇಳಿದ್ದು ಇಷ್ಟು: "ಅದನ್ನ ಆಟಿಕೆ ಅಂದುಕೊಳ್ಳಬೇಡಿ. ಕಾನೂನಿನ ಕಣ್ಣಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಅದು ವಿಮಾನ." ವಿಮಾನಕ್ಕೆ ಕಲ್ಲು ಹೊಡೆದರೆ ಏನಾಗುತ್ತದೋ ಅದರ ಸಮೀಪದ ಅಪರಾಧವೇ ಇಲ್ಲೂ ಅನ್ವಯಿಸಬಹುದು. ಗುಂಡು ಹೊಡೆಯುವುದು, ಬಲೆ ಎಸೆಯುವುದು, ಕಣ್ಣು ಕುಕ್ಕುವ ಲೇಸರ್ ಬಿಡುವುದು ಎಲ್ಲ ಆ ಲೆಕ್ಕಕ್ಕೇ ಬರುತ್ತವೆ. ಅದೂ ಅಲ್ಲದೆ ಬಿದ್ದ ಡ್ರೋನ್ ನಮ್ಮ ಹುಡುಗರ ತಲೆಯ ಮೇಲೇ ಬೀಳುವುದಲ್ವಾ? ಆ ಹೊಣೆ ಬೀಳಿಸಿದವರದು.

ಜಾಮರ್ ವಿಷಯ ಬಂದಾಗ ಅವರು ಇನ್ನೂ ಗಟ್ಟಿಯಾಗಿ ಬೇಡ ಅಂದರು. ಸಾಮಾನ್ಯ ಡ್ರೋನ್‌ಗಳು ಓಡುವುದು 2.4 ಮತ್ತು 5.8 ಗಿಗಾಹರ್ಟ್ಸ್ ತರಂಗಗಳಲ್ಲಿ. ನಮ್ಮ ವೈಫೈ ಕೂಡ ಅಲ್ಲೇ ಇದೆ. ಜಾಮರ್ ಹಾಕಿದರೆ ನಮ್ಮ ಕ್ಯಾಮೆರಾ, ಪಕ್ಕದವರ ಫೋನು, ರಸ್ತೆಯಲ್ಲಿ ಹೋಗುವ ಆಂಬುಲೆನ್ಸಿನ ಜಿಪಿಎಸ್, ಯಾವುದಕ್ಕೆ ಪೆಟ್ಟು ಬೀಳುತ್ತದೆ ಅಂತ ಹೇಳಲಾಗದು. ಬಹುತೇಕ ದೇಶಗಳಲ್ಲಿ ಖಾಸಗಿಯವರು ಅದನ್ನು ಬಳಸುವುದೇ ಅಪರಾಧ. ಅಮೆರಿಕದ ಒಂದು ಪ್ರಸಂಗ ಹೇಳಿದರು. ಕಂಪನಿ ವಾಹನ ಓಡಿಸುವ ಒಬ್ಬ, ತಾನು ಎಲ್ಲಿದ್ದೇನೆ ಅಂತ ಯಜಮಾನರಿಗೆ ಗೊತ್ತಾಗಬಾರದು ಅಂತ ಗಾಡಿಯಲ್ಲಿ ಚಿಕ್ಕ ಜಿಪಿಎಸ್ ಜಾಮರ್ ಇಟ್ಟುಕೊಂಡಿದ್ದ. ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಸಲು ನೆರವಾಗುವ ಒಂದು ವ್ಯವಸ್ಥೆಗೇ ಅದರಿಂದ ಅಡ್ಡಿಯಾಯಿತು. 2013ರಲ್ಲಿ ಅವನಿಗೆ ಬಿದ್ದ ದಂಡ ಸುಮಾರು 32,000 ಡಾಲರ್. ಬೇಕು ಅಂತ ಅವನು ವಿಮಾನಕ್ಕೆ ತೊಂದರೆ ಕೊಟ್ಟದ್ದಲ್ಲ. ಜಾಮರ್‌ಗೆ ಗುರಿ ಅನ್ನುವುದೇ ಇಲ್ಲ, ಸುತ್ತಮುತ್ತ ಇದ್ದದ್ದಕ್ಕೆಲ್ಲ ಬಡಿಯುತ್ತದೆ.

"ಹಾಗಾದ್ರೆ ನಮ್ಮ ಜಾಗದ ಮೇಲಿನ ಆಕಾಶ ನಮ್ಮದಲ್ವಾ ಮೇಡಂ?" ಅಂತ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಹೇಳತೊಡಗಿದರು.

ಹಿಂದೆ, ನೆಲ ಯಾರದೋ ಆಕಾಶವೂ ಅವರದೇ ಅನ್ನುವ ಮಾತಿತ್ತು. ವಿಮಾನ ಬಂದ ಮೇಲೆ ಅದು ನಿಲ್ಲಲಿಲ್ಲ. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಕೋಳಿ ಸಾಕುವವನ ಮೊಕದ್ದಮೆ ಬಂತು. ಸೇನೆಯ ವಿಮಾನಗಳು ಅವನ ಜಾಗದ ಮೇಲೆ ಬರೀ 83 ಅಡಿ ಎತ್ತರದಲ್ಲಿ ಹೋಗುತ್ತಿದ್ದವು. ಕೋಳಿಗಳು ಬೆದರಿ ಗೋಡೆಗೆ ಹಾರಿ ಬಿದ್ದು ಸತ್ತವು, ಸುಮಾರು 150. ಆಕಾಶ ಪೂರ್ತಿ ನಿನ್ನದಲ್ಲ, ಆದರೆ ನೆಲವನ್ನು ನೆಮ್ಮದಿಯಾಗಿ ಬಳಸಲು ಬೇಕಾಗುವಷ್ಟು ಕೆಳಗಿನ ಭಾಗದ ಮೇಲೆ ನಿನಗೆ ಹಕ್ಕಿದೆ ಅಂತ ಕೋರ್ಟ್ ಹೇಳಿತು. ಅದು ಎಷ್ಟು ಅಡಿ ಅಂತ ಗೆರೆ ಎಳೆಯಲಿಲ್ಲ. ಇಂಗ್ಲೆಂಡಿನಲ್ಲಿ 1977ರಲ್ಲಿ ಇದೇ ಥರದ ಇನ್ನೊಂದು ತೀರ್ಪು ಬಂತು. ಒಂದು ಕಂಪನಿ ವಿಮಾನದಿಂದ ಮನೆಯ ಫೋಟೊ ತೆಗೆದು ಮನೆಯವರಿಗೇ ಮಾರಲು ಬಂದಿತ್ತು. ಅಷ್ಟು ಎತ್ತರದಲ್ಲಿ ಹಾದುಹೋದದ್ದು ಅತಿಕ್ರಮಣ ಅಲ್ಲ ಅಂತ ಕೋರ್ಟ್ ಹೇಳಿತು. ಆದರೆ ಸದಾ ಮೇಲೆ ನಿಂತು ಒಬ್ಬರನ್ನು ಕಾಯುತ್ತಾ ಫೋಟೊ ತೆಗೆದರೆ ಆ ಮಾತು ಬೇರೆ ಅಂತಲೂ ಸೇರಿಸಿತು.

ನನಗೆ ನಾಟಿದ್ದು ಮೂರನೆಯ ಪ್ರಸಂಗ. 1969ರಲ್ಲಿ ಟೆಕ್ಸಸ್‌ನ ಬ್ಯೂಮಾಂಟ್‌ನಲ್ಲಿ ಡ್ಯೂಪಾಂಟ್ ಕಂಪನಿ ಹೊಸ ರಾಸಾಯನಿಕ ಘಟಕ ಕಟ್ಟುತ್ತಿತ್ತು. ಇನ್ನೂ ಚಾವಣಿ ಬಿದ್ದಿರಲಿಲ್ಲ. ಯಾರೋ ದುಡ್ಡು ಕೊಟ್ಟು ಇಬ್ಬರು ಫೋಟೊಗ್ರಾಫರ್‌ಗಳನ್ನು ವಿಮಾನದಲ್ಲಿ ಕಳಿಸಿ ಮೇಲಿಂದ ಚಿತ್ರ ತೆಗೆಸಿದರು. 1970ರಲ್ಲಿ ಮೇಲ್ಮನವಿ ನ್ಯಾಯಾಲಯ ಡ್ಯೂಪಾಂಟ್ ಪರ ನಿಂತಿತು. ವಿಮಾನ ಹಾರಿಸಿದ್ದು ಕಾನೂನುಬದ್ಧವೇ ಇರಬಹುದು, ಆದರೆ ವ್ಯಾಪಾರದ ಗುಟ್ಟನ್ನು ಆ ದಾರಿಯಲ್ಲಿ ಕದಿಯುವುದು ಸರಿಯಲ್ಲ. ಕಟ್ಟುತ್ತಿರುವ ಘಟಕಕ್ಕೆಲ್ಲ ಚಾವಣಿ ಹಾಕಿ ಅಂತ ಹೇಳಲಾಗದು, ಗುಟ್ಟು ಕಾಪಾಡಲು ತಕ್ಕಮಟ್ಟಿನ ಎಚ್ಚರ ವಹಿಸಿದ್ದರೆ ಸಾಕು. "ತಕ್ಕಮಟ್ಟಿನ ಎಚ್ಚರ" ಅನ್ನುವುದನ್ನು ವಕೀಲರು ಎರಡು ಸಲ ಹೇಳಿದರು. "ನಾಳೆ ನೀವು ಕೋರ್ಟಿಗೆ ಹೋದರೆ ಮೊದಲು ಕೇಳುವುದೇ ಇದು. ನೀವೇನು ಮಾಡಿದ್ದಿರಿ? ಎಲ್ಲಿ ಬರೆದಿಟ್ಟಿದ್ದೀರಿ?"

ವಾಪಸು ಬಂದವನು ಮಾಡಿದ ಮೊದಲ ಕೆಲಸ, ಗೇಟಿನಲ್ಲಿ ಒಂದು ದಪ್ಪ ರಿಜಿಸ್ಟರ್ ಇಟ್ಟದ್ದು. ದಿನ, ಹೊತ್ತು, ಯಾವ ಕಡೆಯಿಂದ ಬಂತು, ಯಾವ ಕಡೆ ಹೋಯಿತು, ಎಷ್ಟು ಎತ್ತರ, ಎಷ್ಟು ನಿಮಿಷ, ಯಾರು ನೋಡಿದ್ದು. ಎತ್ತರ ಅಂದಾಜಿಗೆ ಸಿಗುವುದು ಕಷ್ಟ. ಅದಕ್ಕೆ "ನೀರಿನ ಟ್ಯಾಂಕಿಗಿಂತ ಮೇಲಾ, ಕೆಳಗಾ" ಅಂತ ಒಂದು ಕಾಲಂ ಮಾಡಿದೆವು. ಟ್ಯಾಂಕಿನ ಎತ್ತರ ನಮಗೆ ಗೊತ್ತು. ಫೋನಿನಲ್ಲಿ ವಿಡಿಯೊ ತೆಗೆದರೆ ಬರೀ ಆಕಾಶ ಬೇಡ, ಟ್ಯಾಂಕೂ ಫ್ರೇಮಿನಲ್ಲಿ ಬರಲಿ ಅಂತ ಹೇಳಿದೆ. ಕೇಳಲು ಸಣ್ಣ ಮಾತು. ಮುಂದೆ ಪೊಲೀಸರ ಮುಂದೆ ನಮ್ಮ ಮಾತಿಗೆ ತೂಕ ಬಂದದ್ದೇ ಅದರಿಂದ.

ಮೂರು ವಾರದ ಪುಟಗಳನ್ನು ಒಂದು ಸಂಜೆ ಎದುರಿಗಿಟ್ಟುಕೊಂಡು ಕೂತೆ. ಆಗ ಗೊತ್ತಾಯಿತು, ಬರುತ್ತಿದ್ದದ್ದು ಒಂದಲ್ಲ, ಎರಡು. ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ, ನೇರ ಗೆರೆ ಎಳೆದ ಹಾಗೆ ಅತ್ತಿಂದಿತ್ತ ಹೋಗುತ್ತಿತ್ತು. ಇನ್ನೊಂದು ಸಂಜೆಯದು, ಗೊತ್ತು ಗುರಿ ಇಲ್ಲದೆ ಸುತ್ತುತ್ತಿತ್ತು. ನಾವು ಎರಡನ್ನೂ ಸೇರಿಸಿ ಒಬ್ಬನೇ ಶತ್ರು ಅಂತ ಸಿಟ್ಟು ಮಾಡಿಕೊಂಡಿದ್ದೆವು.

ಇನ್ನೊಂದು ವಿಷಯ ವಕೀಲರು ಹೇಳಿ ಕಳಿಸಿದ್ದರು. ಸಾಮಾನ್ಯ ನಿಯಮ ಏನಂದರೆ ಹಾರಿಸುವವನ ಕಣ್ಣಿಗೆ ಡ್ರೋನ್ ಕಾಣುತ್ತಿರಬೇಕು. ಚಿಕ್ಕ ಡ್ರೋನಿನ ಬ್ಯಾಟರಿ ಅರ್ಧ ಗಂಟೆಯ ಆಸುಪಾಸು ನಿಲ್ಲುತ್ತದೆ. ಅಂದರೆ ಹಾರಿಸುವವನು ದೂರ ಎಲ್ಲೋ ಇರುವುದಿಲ್ಲ, ಹತ್ತಿರದಲ್ಲೇ ನೆಲದ ಮೇಲೆ ನಿಂತಿರುತ್ತಾನೆ. ಮರುದಿನ ಕಾವಲಿನವರನ್ನು ಕರೆದುಕೊಂಡು ಕಾಂಪೌಂಡಿನ ಹೊರಸುತ್ತು ಹಾಕಿದೆ. ಗಿಡಗಂಟಿ, ಚರಂಡಿ, ಹಳೆ ಗೋಡೆ. ಏನೂ ಸಿಗಲಿಲ್ಲ. ವಾಪಸು ಬರುತ್ತಾ ನಮ್ಮದೇ ವಿಸಿಟರ್ ಪಾರ್ಕಿಂಗಿನ ಮೂಲೆಗೆ ಬಂದೆವು. ಎಲ್ಲ ಕಡೆ ಒಣ ಧೂಳು. ಒಂದು ಕಡೆ ಮಾತ್ರ ತಟ್ಟೆಯಷ್ಟು ಅಗಲ ಗುಡಿಸಿಟ್ಟ ಹಾಗೆ ಚೊಕ್ಕಟವಾಗಿತ್ತು. ಸುತ್ತ ಧೂಳು ಹೊರಗೆ ಚದುರಿದ ಗೆರೆಗಳು. ಕಾವಲಿನವರು ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ತೋರಿಸಿದರು. "ಸರ್, ಇಲ್ಲಿಂದಲೇ ಎಬ್ಬಿಸಿದಾನೆ ನೋಡಿ."

ಅಲ್ಲಿಗೆ ನನ್ನ ಯೋಚನೆ ಪೂರ್ತಿ ತಿರುಗಿತು. ಮೇಲಿನ ಆಕಾಶಕ್ಕೆ ನಾವು ನಿಯಮ ಹಾಕಲಾಗದು, ಅದು ವಿಮಾನಯಾನ ಇಲಾಖೆಯ ಕೆಲಸ. ಆದರೆ ಆ ಪಾರ್ಕಿಂಗ್ ನಮ್ಮ ಜಾಗ. ಅಲ್ಲಿಂದ ಎಬ್ಬಿಸಬೇಡ, ಅಲ್ಲಿ ಇಳಿಸಬೇಡ ಅಂತ ಹೇಳುವ ಪೂರ್ತಿ ಹಕ್ಕು ನಮಗಿದೆ.

ಬೋರ್ಡ್ ಬರೆಸಲು ಹೋದಾಗ ಒಂದು ತಪ್ಪು ಮಾಡಿದ್ದೆ. "ಇದು ಡ್ರೋನ್ ನಿಷೇಧ ವಲಯ" ಅಂತ ಕೆಂಪಕ್ಷರದಲ್ಲಿ ಬರೆಸಿದ್ದೆ. ವಕೀಲರು ಅದನ್ನು ಹೊಡೆದು ಹಾಕಿದರು. ವಲಯ ಘೋಷಿಸುವ ಅಧಿಕಾರ ಸರ್ಕಾರಕ್ಕಷ್ಟೇ ಇದೆ, ಸುಳ್ಳು ಬೋರ್ಡ್ ನಿಮಗೇ ಮುಳ್ಳಾಗುತ್ತದೆ ಅಂದರು. ಕೊನೆಗೆ ಉಳಿದದ್ದು ಹೀಗೆ: "ಖಾಸಗಿ ಜಾಗ. ಅನುಮತಿ ಇಲ್ಲದೆ ಇಲ್ಲಿಂದ ಡ್ರೋನ್ ಹಾರಿಸುವಂತಿಲ್ಲ, ಇಳಿಸುವಂತಿಲ್ಲ. ಚಿತ್ರೀಕರಣ ಬೇಕಿದ್ದರೆ ಕಚೇರಿಯಲ್ಲಿ ಕೇಳಿ." ಕೆಳಗೆ ಫೋನ್ ನಂಬರ್. ಆ ಕೊನೆಯ ಸಾಲು ಸೇರಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ, ನಾನು ಹಟ ಮಾಡಿದೆ. ಇದೇ ಮಾತನ್ನು ಗೇಟ್ ಪಾಸಿನಲ್ಲಿ, ಗುತ್ತಿಗೆದಾರರ ಕರಾರಿನಲ್ಲಿ ಸೇರಿಸಿದೆವು. ಪಾರ್ಕಿಂಗ್ ಮೂಲೆಗೆ ದೀಪ ಮತ್ತು ಒಂದು ಕ್ಯಾಮೆರಾ ಬಂತು.

ಬೆಳಗಿನ ಡ್ರೋನನ್ನು ಹಿಡಿದುಕೊಟ್ಟದ್ದು ಒಂದು ಫೋನ್ ಆ್ಯಪ್. ಈಗ ಅನೇಕ ಡ್ರೋನ್‌ಗಳು ರಿಮೋಟ್ ಐಡಿ ಅನ್ನುವ ಸಂಕೇತವನ್ನು ತಾವಾಗಿಯೇ ಹೊರಗೆ ಬಿಡುತ್ತವೆ. ವಾಹನದ ನಂಬರ್ ಪ್ಲೇಟ್ ಇದ್ದ ಹಾಗೆ. ಯುರೋಪಿನಲ್ಲಿ 2024ರ ಜನವರಿಯಿಂದ ಹೆಚ್ಚಿನ ಡ್ರೋನ್‌ಗಳಿಗೆ ಅದು ಕಡ್ಡಾಯ, ಅಮೆರಿಕದಲ್ಲಿ ಅದೇ ವರ್ಷದ ಮಾರ್ಚ್‌ನಿಂದ ಬಿಗಿಯಾಗಿ ಜಾರಿಯಲ್ಲಿದೆ. ಅದರಲ್ಲಿ ಡ್ರೋನಿನ ಗುರುತಿನ ಸಂಖ್ಯೆ, ಎಲ್ಲಿದೆ, ಎಷ್ಟು ಎತ್ತರ, ಜೊತೆಗೆ ಹಾರಿಸುವವನು ನಿಂತ ಜಾಗ ಅಥವಾ ಅದು ಮೇಲೆದ್ದ ಜಾಗ ಇರುತ್ತದೆ. ಬ್ಲೂಟೂತ್ ಅಥವಾ ವೈಫೈ ಮೂಲಕ ಬರುವುದರಿಂದ ಒಳ್ಳೆಯ ಫೋನ್ ಇದ್ದರೆ ಹತ್ತಿರದಿಂದ ಹಿಡಿಯಬಹುದು. ಹೆಸರು, ವಿಳಾಸ ನಮಗೆ ಕಾಣುವುದಿಲ್ಲ, ಅದು ಅಧಿಕಾರಿಗಳಿಗಷ್ಟೇ. ಅದೇ ಸರಿ ಕೂಡ.

ಒಂದು ಬೆಳಿಗ್ಗೆ ಆ್ಯಪ್ ತೆರೆದು ಕಾಯುತ್ತಾ ಕೂತೆ. ಹತ್ತು ಗಂಟೆ ಐದು ನಿಮಿಷಕ್ಕೆ ಸದ್ದು. ಪರದೆಯ ಮೇಲೆ ಒಂದು ಚುಕ್ಕೆ ಯಾರ್ಡಿನ ಕಡೆ ಸರಿಯಿತು. ಇನ್ನೊಂದು ಚುಕ್ಕೆ ಪಕ್ಕದ ಕಟ್ಟಡದ ಅಂಗಳದಲ್ಲಿ ಅಲ್ಲಾಡದೆ ನಿಂತಿತ್ತು. ನಡೆದುಕೊಂಡು ಹೋದೆ. ಹಳದಿ ಜಾಕೆಟ್ ಹಾಕಿದ ಒಬ್ಬರು ರಿಮೋಟ್ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಮಡಚುವ ಟೇಬಲ್, ಬ್ಯಾಟರಿ ಪೆಟ್ಟಿಗೆ. ಹಾರಿಸುವಾಗ ಮಾತಾಡಿಸಬಾರದು ಅಂತ ಇಳಿಸುವ ತನಕ ಕಾದೆ. ಆಮೇಲೆ ನಮಸ್ಕಾರ ಹೇಳಿ ಪರಿಚಯ ಮಾಡಿಕೊಂಡೆ. ಪಕ್ಕದ ಕಟ್ಟಡದವರು ಚಾವಣಿ ಸೋರುತ್ತೆ ಅಂತ ಸರ್ವೆ ಮಾಡಿಸುತ್ತಿದ್ದರು. ಅನುಮತಿ, ಲೈಸೆನ್ಸ್ ಎಲ್ಲ ತೋರಿಸಿದರು. ತಿರುಗಿಸಿಕೊಳ್ಳಲು ಜಾಗ ಸಾಲದೆ ನಮ್ಮ ಯಾರ್ಡಿನ ಮೇಲೆ ಬರುತ್ತಿತ್ತು. ಕ್ರೇನಿನ ಕಥೆ ಹೇಳಿದೆ. ಅವರ ಮುಖ ಬಾಡಿತು. "ಸರ್, ನಮಗೆ ಗೊತ್ತೇ ಇರಲಿಲ್ಲ. ನೀವು ಯಾವಾಗ ಭಾರ ಎತ್ತುತ್ತೀರಿ ಅಂತ ಹೇಳಿ, ಆ ಹೊತ್ತು ಬಿಟ್ಟು ಮಾಡ್ತೀವಿ." ಮೊದಲೇ ಪಾರ್ಕಿಂಗಿನಿಂದ ಒಂದು ಸಲ ಎಬ್ಬಿಸಿದ್ದೂ ಅವರೇ, ಬೋರ್ಡ್ ಇರಲಿಲ್ಲ ಅಂತ. ನಂಬರ್ ಬದಲಾಯಿಸಿಕೊಂಡೆವು. ಅವತ್ತೇ ಅರ್ಧ ತಲೆನೋವು ಇಳಿಯಿತು. ಇವರ ಡ್ರೋನಿಗೆ ನಾವು ಕವಣೆ ಬೀಸಿದ್ದರೆ ಏನು ಗತಿ ಅಂತ ದಾರಿಯುದ್ದಕ್ಕೂ ಯೋಚನೆಯಾಯಿತು.

ಸಂಜೆಯ ಡ್ರೋನ್ ಆ್ಯಪಿನಲ್ಲಿ ಕಾಣಲೇ ಇಲ್ಲ. 250 ಗ್ರಾಂಗಿಂತ ಹಗುರವಾದ ಚಿಕ್ಕ ಡ್ರೋನ್‌ಗಳಿಗೆ ಹಲವು ಕಡೆ ಈ ಸಂಕೇತದಿಂದ ವಿನಾಯಿತಿ ಇದೆ. ಆಗ ಡ್ರೋನ್ ಪತ್ತೆ ಮಾಡುವ ಉಪಕರಣ ಮಾರುವವರೊಬ್ಬರು ಬಂದರು. ರೇಡಾರ್, ಮೈಕು, ತರಂಗ ಹಿಡಿಯುವ ಆಂಟೆನಾ, ಎಲ್ಲ ಸೇರಿಸಿ ದೊಡ್ಡ ಲೆಕ್ಕ. ನಾನು ಕೇಳಿದ್ದು ಒಂದೇ ಪ್ರಶ್ನೆ. ಇದು ಡ್ರೋನ್ ಮತ್ತು ರಿಮೋಟಿನ ನಡುವಿನ ಮಾತನ್ನು ಒಳಹೊಕ್ಕು ಓದುತ್ತದಾ? ಯಾಕೆ ಕೇಳಿದೆ ಅಂದರೆ, 2020ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ, ವಿಮಾನಯಾನ, ಸಂಪರ್ಕ ಮತ್ತು ಆಂತರಿಕ ಭದ್ರತೆಯ ಇಲಾಖೆಗಳು ಸೇರಿ ಒಂದು ಎಚ್ಚರಿಕೆ ಪತ್ರ ಹೊರಡಿಸಿದ್ದವು. ಬೀಳಿಸುವ ಉಪಕರಣವಷ್ಟೇ ಅಲ್ಲ, ಪತ್ತೆ ಮಾಡುವ ಕೆಲವು ಉಪಕರಣಗಳೂ ಕದ್ದು ಕೇಳುವುದರ ವಿರುದ್ಧದ ಕಾನೂನಿಗೆ ಸಿಕ್ಕಿಬೀಳಬಹುದು ಅಂತ. ಮಾರಲು ಬಂದವರಿಂದ ನೇರ ಉತ್ತರ ಬರಲಿಲ್ಲ. ಬೇಡ ಅಂದೆವು. ನಮ್ಮಂಥ ಜಾಗಕ್ಕೆ ಅಷ್ಟು ಬೇಕಾಗಿಯೂ ಇರಲಿಲ್ಲ.

ಆ ದುಡ್ಡಿನ ಚಿಕ್ಕ ಪಾಲಿನಲ್ಲಿ ನಾವು ಮಾಡಿದ್ದು ಮರೆ ಕಟ್ಟುವ ಕೆಲಸ. ಯಾರ್ಡಿನಲ್ಲಿ ಜೋಡಣೆ ನಡೆಯುವ ಭಾಗಕ್ಕೆ ನರ್ಸರಿಗಳಲ್ಲಿ ಹಾಕುವಂಥ ನೆರಳಿನ ಬಲೆ ಕಟ್ಟಿಸಿದೆವು. ಕ್ರೇನ್ ಓಡಾಡುವ ಜಾಗ ಬಿಟ್ಟು. ಕೆಳಗಿಂದ ಬೆಳಕು ಬರುತ್ತದೆ, ಮೇಲಿಂದ ನೋಡಿದರೆ ಬರೀ ಹಸಿರು. ಹೊಸ ಯಂತ್ರದ ಮುಖ್ಯ ಭಾಗಕ್ಕೆ ಸಂಜೆ ಟಾರ್ಪಾಲಿನ್ ಮುಚ್ಚುವುದು ನಿಯಮವಾಯಿತು. ಚಾವಣಿಯ ಗಾಜಿಗೆ ಮಂಜು ಹಿಡಿದಂಥ ಹಾಳೆ ಅಂಟಿಸಿದೆವು. ಕಿಟಕಿ ಕಡೆ ಮುಖ ಮಾಡಿದ್ದ ಕಂಪ್ಯೂಟರ್‌ಗಳನ್ನು ತಿರುಗಿಸಿದೆವು. ವೈಫೈ ಪಾಸ್‌ವರ್ಡ್ ಗಟ್ಟಿ ಮಾಡಿದೆವು, ಯಾಕಂದರೆ ಡ್ರೋನಿಗೆ ಚಿಕ್ಕ ಸಾಧನ ಕಟ್ಟಿ ಚಾವಣಿ ಮೇಲಿಂದ ನೆಟ್‌ವರ್ಕಿಗೆ ಕೈ ಹಾಕುವುದು ಆಗದ ಮಾತೇನಲ್ಲ. ವಿಶ್ರಾಂತಿ ಕೋಣೆಯ ಕಿಟಕಿಗೆ ಓರೆ ಪಟ್ಟಿಗಳ ಮರೆ ಬಂತು. ಗಾಳಿ, ಬೆಳಕು ಒಳಗೆ ಬರುತ್ತದೆ, ಹೊರಗಿನ ಕಣ್ಣಿಗೆ ಏನೂ ಕಾಣುವುದಿಲ್ಲ. ಹಿರಿಯಕ್ಕ ಮಾರನೆಯ ದಿನ ಬಂದು ಪರದೆಯ ಬಟ್ಟೆ ಮಡಿಸಿ ನನ್ನ ಟೇಬಲ್ ಮೇಲೆ ಇಟ್ಟು ಹೋದರು. ಇಷ್ಟು ದಿನದ ಓಡಾಟದಲ್ಲಿ ನನಗೆ ಅತಿ ಸಮಾಧಾನ ಕೊಟ್ಟ ಗಳಿಗೆ ಅದು.

ಕಾವಲಿನವರಿಗೆ ತರಬೇತಿ ಕೊಡುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಡ್ರೋನ್ ಬಂದರೆ ಎಲ್ಲರೂ ಮೇಲೆ ನೋಡುತ್ತಾರೆ, ಅದು ಸಹಜ. ನಾವು ಅಭ್ಯಾಸ ಮಾಡಿಸಿದ್ದು ಅದಕ್ಕೆ ಉಲ್ಟಾ. ಮೊದಲು ಭಾರ ಇಳಿಸಿ ಅಂತ ಕ್ರೇನಿನವರಿಗೆ ವಾಕಿಟಾಕಿಯಲ್ಲಿ ಹೇಳಬೇಕು. ಒಬ್ಬರು ವಿಡಿಯೊ ತೆಗೆಯಬೇಕು. ಇನ್ನೊಬ್ಬರು ಆಕಾಶ ಬಿಟ್ಟು ಸುತ್ತಲಿನ ನೆಲ ನೋಡಬೇಕು. ಹಾರಿಸುವವರು ಸಿಕ್ಕರೆ ಮರ್ಯಾದೆಯಿಂದ ಮಾತಾಡಬೇಕು. ರಿಮೋಟ್ ಕಿತ್ತುಕೊಳ್ಳುವಂತಿಲ್ಲ, ಫೋನ್ ಕಸಿಯುವಂತಿಲ್ಲ, ತಡೆದು ಕೂರಿಸುವಂತಿಲ್ಲ. ಡ್ರೋನ್ ತಾನಾಗಿಯೇ ನಮ್ಮ ಜಾಗದಲ್ಲಿ ಬಿದ್ದರೆ ಸುತ್ತ ಹಗ್ಗ ಕಟ್ಟಿ ಪೊಲೀಸರಿಗೆ ಹೇಳಬೇಕು. ಪೆಟ್ಟಾದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ನೆ ಇದ್ದು ಆಮೇಲೆ ಹೊತ್ತಿಕೊಳ್ಳಬಹುದು, ಅದಕ್ಕೆ ಕೈಯಲ್ಲಿ ಎತ್ತಿ ಆಫೀಸಿನೊಳಗೆ ತರಬಾರದು. ಮೆಮೊರಿ ಕಾರ್ಡ್ ತೆಗೆದು ನೋಡುವುದೂ ನಮ್ಮ ಕೆಲಸ ಅಲ್ಲ. ಕವಣೆಯನ್ನು ಕಾವಲಿನವರು ತಾವಾಗಿಯೇ ಮನೆಗೆ ತೆಗೆದುಕೊಂಡು ಹೋದರು.

ಪೊಲೀಸರ ಹತ್ತಿರ ನಾನು ಎರಡು ಸಲ ಹೋಗಿದ್ದೆ. ಮೊದಲ ಸಲ ಬರೀ ಸಿಟ್ಟು ತೆಗೆದುಕೊಂಡು. "ಯಾವ ಡ್ರೋನು, ಯಾರದು, ಯಾವಾಗ?" ಅಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೆಯ ಸಲ ಫೈಲ್ ಇತ್ತು. ಒಂಬತ್ತು ಸಂಜೆಗಳ ದಾಖಲೆ, ಟ್ಯಾಂಕ್ ಕಾಣುವ ವಿಡಿಯೊ, ಬೋರ್ಡಿನ ಫೋಟೊ, ಹಿರಿಯಕ್ಕ ಮತ್ತು ಇನ್ನಿಬ್ಬರ ಬರಹದ ಹೇಳಿಕೆ. ಡ್ರೋನ್ ಬಂತು ಅಂತ ನಾವು ಬರೆಯಲಿಲ್ಲ. ಹೆಣ್ಣುಮಕ್ಕಳ ಕೋಣೆಗೆ ಇಣುಕಿದೆ, ಭಾರ ಎತ್ತುವಾಗ ಜನರ ತಲೆಯ ಮೇಲೆ ಹಾರಿದೆ ಅಂತ ಬರೆದೆವು. ಖಾಸಗಿತನಕ್ಕೆ ಧಕ್ಕೆ, ಜೀವಕ್ಕೆ ಅಪಾಯ ಅಂದರೆ ಅದಕ್ಕೆ ಹಳೆಯ ಕಾನೂನುಗಳೇ ಸಾಕು. ಅದರ ಒಂದು ಪ್ರತಿ ವಿಮಾನಯಾನ ಪ್ರಾಧಿಕಾರಕ್ಕೂ ಹೋಯಿತು. ಅಧಿಕಾರಿ ಪುಟ ತಿರುವುತ್ತಾ "ಹೀಗೆ ತಂದರೆ ನಮಗೂ ಕೆಲಸ ಮಾಡೋಕೆ ಆಗುತ್ತೆ" ಅಂದರು.

ನಾಲ್ಕನೇ ದಿನ ಹಾರಿಸುವವನು ಸಿಕ್ಕ. ಹಿಂದಿನ ರಸ್ತೆಯ ಮಹಡಿ ಮನೆಯ ಹುಡುಗ, ಕಾಲೇಜಿನವನು. ಸೂರ್ಯ ಮುಳುಗುವುದನ್ನು ತೆಗೆಯುತ್ತಿದ್ದೆ ಅಂದ. ವಿಡಿಯೊಗಳನ್ನು ಅಧಿಕಾರಿಯ ಮುಂದೆ ಹಿರಿಯಕ್ಕನೇ ಕೂತು ನೋಡಿದರು. ಹೆಚ್ಚಿನದರಲ್ಲಿ ನಿಜವಾಗಿಯೂ ಆಕಾಶವೇ ಇತ್ತು. ಒಂದರಲ್ಲಿ ಮಾತ್ರ ಕಿಟಕಿ, ಅದರೊಳಗೆ ಟಿಫನ್ ಡಬ್ಬಿ ಹಿಡಿದ ಒಂದು ಕೈ. ಅಕ್ಕ ಅವನನ್ನು ಬೈಯಲಿಲ್ಲ. "ಮಗಾ, ಆ ಕೈ ನನ್ನದು" ಅಂದರು. ಹುಡುಗ ತಲೆ ತಗ್ಗಿಸಿದ. ಮೊಕದ್ದಮೆ ಬೇಕಾ ಅಂತ ಅಧಿಕಾರಿ ಕೇಳಿದರು. ಬೇಡ, ಇನ್ನು ಹೀಗೆ ಮಾಡಲ್ಲ ಅಂತ ಬರೆದುಕೊಟ್ಟರೆ ಸಾಕು ಅಂತ ಅಕ್ಕನೇ ತೀರ್ಮಾನ ಮಾಡಿದರು. ಆ ತೀರ್ಮಾನ ಅವರದೇ ಆಗಬೇಕಿತ್ತು.

ನಮ್ಮ ಜಾಗವನ್ನೇ ನಿಷೇಧ ವಲಯ ಮಾಡಿಸಬಹುದಾ ಅಂತಲೂ ವಿಚಾರಿಸಿದೆ. ಭಾರತದಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಕೆಂಪು, ಹಳದಿ, ಹಸಿರು ಅಂತ ಸರ್ಕಾರವೇ ನಕ್ಷೆಯಲ್ಲಿ ಗುರುತಿಸುತ್ತದೆ. ಅಮೆರಿಕದಲ್ಲಿ ತೈಲ ಶುದ್ಧೀಕರಣ, ವಿದ್ಯುತ್ ಘಟಕದಂಥ ಜಾಗಗಳು ಅರ್ಜಿ ಹಾಕಿಕೊಳ್ಳಲು ದಾರಿ ಮಾಡಿ ಅಂತ 2016ರಲ್ಲೇ ಕಾನೂನು ಬಂದರೂ ನಿಯಮಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಸಾಮಾನ್ಯ ಕಾರ್ಖಾನೆಗೆ ಅದು ಸಿಗುವ ಆಸೆ ಇಟ್ಟುಕೊಳ್ಳಬಾರದು. ಕೆಲವು ಜಾಗಗಳಲ್ಲಿ ಹಾರದ ಹಾಗೆ ಡ್ರೋನ್ ಕಂಪನಿಯೇ ಒಳಗಿನಿಂದ ತಡೆ ಹಾಕುತ್ತದೆ ಅಂತಲೂ ಕೂರಬಾರದು. ಡ್ರೋನ್ ತಯಾರಿಸುವ ದೊಡ್ಡ ಕಂಪನಿ ಡಿಜೆಐ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಆ ತಡೆಯನ್ನು ತೆಗೆದು ಬರೀ ಎಚ್ಚರಿಕೆಯ ಸಂದೇಶ ಉಳಿಸಿತು.

ಮೊನ್ನೆ ಮತ್ತೆ ಯಾರ್ಡಿನಲ್ಲಿ ಭಾರ ಎತ್ತುತ್ತಿದ್ದರು. ಅದೇ ಗುಂಯ್ ಸದ್ದು. ವಾಕಿಟಾಕಿಯಲ್ಲಿ ಒಂದು ಮಾತು, ಆಪರೇಟರ್ ಮೆಲ್ಲಗೆ ಚೌಕಟ್ಟನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿದ. ಹಗ್ಗದ ಹುಡುಗ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕಾವಲಿನವರು ಮೇಲೆ ನೋಡದೆ ಪಾರ್ಕಿಂಗ್ ಕಡೆ ನಡೆದರು. ಅಲ್ಲಿ ಮದುವೆಯ ಫೋಟೊ ತೆಗೆಯುವವರೊಬ್ಬರು ಕಾರಿನ ಪಕ್ಕ ರಿಮೋಟ್ ಹಿಡಿದು ನಿಂತಿದ್ದರು. ಬೋರ್ಡಿನ ಕಡೆ ಕೈ ತೋರಿಸಿದ್ದಷ್ಟೇ. "ಅಯ್ಯೋ, ನೋಡಲಿಲ್ಲ ಅಣ್ಣ" ಅಂತ ಅವರು ಇಳಿಸಿಕೊಂಡರು. ಆರು ನಿಮಿಷಕ್ಕೆ ಕೊಕ್ಕೆ ಮತ್ತೆ ಮೇಲೆದ್ದಿತು. ಸಂಜೆ ರಿಜಿಸ್ಟರ್ ನೋಡಿದೆ. ಒಂದೇ ಸಾಲು ಬರೆದಿದ್ದರು, ಟ್ಯಾಂಕಿಗಿಂತ ಕೆಳಗೆ ಅಂತ ಸರಿಯಾಗಿ ಗುರುತು ಹಾಕಿ.